ಮೇಲಿನ ಮನೆಯ ಕಂಪ್ಯೂಟರ್

ಆ ಬೆಳಿಗ್ಗೆ ಕಂಪ್ಯೂಟರ್ ಅರ್ಧಕ್ಕೇ ನಿಂತುಬಿಟ್ಟಿತು. ಗುಂಡಿ ಒತ್ತಿದಾಗ ಒಳಗಿನ ಫ್ಯಾನ್ ತಿರುಗಿದ ಸದ್ದು ಬಂತು. ಕಪ್ಪು ಪರದೆಯ ಮೇಲೆ ಕಂಪನಿಯ ಗುರುತು ಮೂಡಿ, ಅದರ ಕೆಳಗೆ ಬಿಳಿ ಚುಕ್ಕಿಗಳು ಸುತ್ತತೊಡಗಿದವು. ಸ್ವಲ್ಪ ಹೊತ್ತು ಸುತ್ತಿ ಒಂದು ಕಡೆ ಸುಮ್ಮನೆ ನಿಂತವು. ಕಾಫಿ ಲೋಟ ತೊಳೆದಿಟ್ಟು ಬಂದು ನೋಡಿದರೂ ಹಾಗೇ ಇದ್ದವು. ಮೌಸ್ ಅಲ್ಲಾಡಿಸಿದೆ, ಕೈಗೆ ಸಿಕ್ಕ ಕೀಗಳನ್ನೆಲ್ಲ ಒತ್ತಿದೆ. ಕೊನೆಗೆ ಗುಂಡಿಯನ್ನು ಒತ್ತಿ ಹಿಡಿದು ಆರಿಸಿ ಮತ್ತೆ ಹಾಕಿದೆ. ಮತ್ತೆ ಅದೇ ಜಾಗಕ್ಕೆ ಬಂದು ನಿಂತಿತು.

"ಅಯ್ಯೋ, ಏನಾಯ್ತೇ ನಿಂಗೆ" ಎಂದೆ. ಗಟ್ಟಿಯಾಗಿಯೇ ಅಂದೆ. ಅಮ್ಮ ಹೋದ ಮೇಲೆ ನನಗೆ ಹೀಗೆ ಕುಕ್ಕರಿನ ಜೊತೆ, ಬಾಗಿಲ ಚಿಲಕದ ಜೊತೆ ಮಾತಾಡುವ ಅಭ್ಯಾಸ ಬಂದಿತ್ತು.

ನಾನು ಮನೆಯಲ್ಲೇ ಕೂತು ಆಮಂತ್ರಣ ಪತ್ರಿಕೆಗಳನ್ನು ಸಿದ್ಧ ಮಾಡಿಕೊಡುತ್ತೇನೆ. ಮದುವೆ, ಗೃಹಪ್ರವೇಶ, ನಾಮಕರಣ, ವೈಕುಂಠ ಸಮಾರಾಧನೆ, ಯಾವುದಾದರೂ ಸರಿ. ಯಲಹಂಕದ ಒಂದು ಪ್ರೆಸ್ಸಿನವರು ಕೈಬರಹದ ಚೀಟಿಯ ಫೋಟೋ ಕಳಿಸುತ್ತಾರೆ, ನಾನು ಟೈಪ್ ಮಾಡಿ, ಅಂಚಿಗೆ ಬಾಳೆಕಂದೋ ಕಳಶವೋ ಕೂರಿಸಿ, ಪುಟ ಕಟ್ಟಿ ವಾಪಸ್ ಕಳಿಸುತ್ತೇನೆ. ಎಲ್ಲಕ್ಕಿಂತ ಕಷ್ಟದ ಭಾಗ ಕೊನೆಯಲ್ಲಿ ಬರುವ ಹೆಸರುಗಳ ಸಾಲು. ದೊಡ್ಡಪ್ಪ ಮೊದಲೋ ಸೋದರಮಾವ ಮೊದಲೋ ಎಂದು ಮನೆಗಳಲ್ಲಿ ಜಗಳವಾಗಿ, ಅದೇ ಪತ್ರಿಕೆ ಮೂರು ಸಲ ತಿದ್ದುಪಡಿಗೆ ಬರುತ್ತದೆ. ಯಾರ ಮನೆಯಲ್ಲಿ ಯಾರಿಗೆ ಎಷ್ಟು ಜನ ಅಣ್ಣತಮ್ಮಂದಿರು ಎಂದು ನನಗೆ ಗೊತ್ತಿರುತ್ತದೆ. ಅವರಲ್ಲಿ ಒಬ್ಬರನ್ನೂ ನೋಡಿರುವುದಿಲ್ಲ.

ನಮ್ಮ ಮನೆ ಅಲ್ಲಾಳಸಂದ್ರದಲ್ಲಿ, ಕೆರೆಯ ಹತ್ತಿರ. ನಾವು ಈ ಊರಿನವರೇ. ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲ ಬಹಳ ಹಿಂದೆಯೇ ಸೈಟುಗಳಾಗಿ ಹೋಯಿತು. ಉಳಿಸಿಕೊಂಡ ಒಂದು ಜಾಗದಲ್ಲಿ ಅಣ್ಣ ಈ ಕಟ್ಟಡ ಎಬ್ಬಿಸಿದ. ಕೆಳಗೆ ಅಣ್ಣ, ಅತ್ತಿಗೆ. ಅವರ ಮಗಳು ಮದುವೆಯಾಗಿ ಗಂಡನ ಮನೆಯಲ್ಲಿದ್ದಾಳೆ. ನಡುವಿನ ಮಹಡಿಯಲ್ಲಿ ಬಾಡಿಗೆಯವರು. ಎಲ್ಲಕ್ಕಿಂತ ಮೇಲೆ, ತಾರಸಿಗೆ ಅಂಟಿಕೊಂಡಂತೆ ಎರಡು ಕೋಣೆಯ ಮನೆ ನನ್ನದು. ನಾನು ಮದುವೆಯಾಗಲಿಲ್ಲ. ಅಮ್ಮ ನನ್ನ ಜೊತೆ ಮೇಲೆಯೇ ಇದ್ದಳು. ಕೆಳಗೆ ಮಲಗಿದರೆ ಉಸಿರು ಕಟ್ಟುತ್ತದೆ ಎನ್ನುತ್ತಿದ್ದಳು.

ಅಮ್ಮ ಕಳೆದ ವರ್ಷ ತೀರಿಕೊಂಡಳು. ಕಾರ್ಯಗಳೆಲ್ಲ ಮುಗಿಯುವವರೆಗೆ ಕೆಳಗೇ ಊಟ ಮಾಡುತ್ತಿದ್ದೆ. ಆಮೇಲೆ ಮದುವೆಗಳ ಕಾಲ ಬಂತು, ಕೆಲಸ ಜಾಸ್ತಿಯಾಯಿತು. ಹೊತ್ತಲ್ಲದ ಹೊತ್ತಿಗೆ ಹೋಗಿ ಅತ್ತಿಗೆಯನ್ನು ಕಾಯಿಸುವುದು ಯಾಕೆ ಅನ್ನಿಸಿ, "ನಾನೇ ಮೇಲೆ ಏನಾದ್ರೂ ಮಾಡ್ಕೋತೀನಿ ಅತ್ತಿಗೆ" ಎಂದೆ. ಅವರು "ನಿನ್ನಿಷ್ಟ ಕಣಮ್ಮ" ಎಂದರು. ಅಷ್ಟೇ ಆಗಿದ್ದು. ಜಗಳವಾಗಿದ್ದರೆ ಯಾರಾದರೂ ನಡುವೆ ಬಂದು ರಾಜಿ ಮಾಡಿಸುತ್ತಿದ್ದರು. ಜಗಳ ಇಲ್ಲದ್ದರಿಂದ ಯಾರೂ ಬರಲಿಲ್ಲ. ಮೆಟ್ಟಿಲಲ್ಲಿ ಎದುರಾದರೆ "ಊಟ ಆಯ್ತಾ" ಎಂದು ಕೇಳಿಕೊಳ್ಳುತ್ತಿದ್ದೆವು. ಮನೆಯ ಸಮಾಚಾರ ನನಗೆ ತಿಳಿಯುತ್ತಿದ್ದುದು ಸದ್ದುಗಳಿಂದ. ಗೇಟು ಕಿರ್ರೆಂದರೆ ಅಣ್ಣ ಹೊರಟ, ಗ್ರೈಂಡರ್ ತಿರುಗಿದರೆ ನಾಳೆ ಕೆಳಗೆ ದೋಸೆ. ಬೇಸಿಗೆಯ ಶುರುವಿನಲ್ಲಿ ಒಂದು ದಿನ ಲಾರಿ ಬಂದು, ಬೋರ್‌ವೆಲ್‌ನಿಂದ ಕೊಳವೆ ಎತ್ತಿ, ಮೊದಲಿಗಿಂತ ದೊಡ್ಡ ಮೋಟಾರನ್ನು ಇನ್ನೂ ಆಳಕ್ಕೆ ಇಳಿಸಿದ್ದನ್ನು ತಾರಸಿಯ ಗೋಡೆಗೆ ಒರಗಿ ನೋಡಿದೆ. ನೀರು ಕೆಳಕ್ಕೆ ಹೋಗಿದೆಯೆಂದು ನನಗೆ ಯಾರೂ ಹೇಳಿರಲಿಲ್ಲ.

ಕಂಪ್ಯೂಟರ್ ನಿಂತ ದಿನ ಒಂದು ಗೃಹಪ್ರವೇಶದ ಪತ್ರಿಕೆ ಹೋಗಬೇಕಿತ್ತು. ಪ್ರೆಸ್ಸಿನವರು ಫೋನ್ ಮಾಡಿ, "ಮೇಡಂ, ಪ್ರೂಫ್ ಕಳ್ಸಿಲ್ವಲ್ಲ?" ಎಂದರು. "ಸಿಸ್ಟಮ್ ಹ್ಯಾಂಗ್ ಆಗಿದೆ ಸರ್, ಮಧ್ಯಾಹ್ನ ಕಳಿಸ್ತೀನಿ" ಎಂದೆ. ಕಳಿಸುತ್ತೇನೆಂಬ ನಂಬಿಕೆ ನನಗಿರಲಿಲ್ಲ. ಆದರೆ ಮಧ್ಯಾಹ್ನ ಊಟ ಮುಗಿಸಿ ಬಂದು ಗುಂಡಿ ಒತ್ತಿದರೆ ಏನೂ ಆಗಿಯೇ ಇಲ್ಲವೆಂಬಂತೆ ತೆರೆದುಕೊಂಡಿತು. ಪ್ರೂಫ್ ಹೋಯಿತು. ಮರುದಿನ ಬೆಳಿಗ್ಗೆ ಮತ್ತೆ ನಿಂತಿತು.

ಯಾರನ್ನು ಕೇಳುವುದು? ಫೋನಿನಲ್ಲಿ ವಿಡಿಯೋಗಳನ್ನು ಹುಡುಕಿದೆ. ಕನ್ನಡದಲ್ಲೇ ಒಬ್ಬಾತ ಚೆನ್ನಾಗಿ ಹೇಳಿಕೊಡುತ್ತಿದ್ದ. "ಹೆದರ್ಕೋಬೇಡಿ, ನಾನಿದೀನಿ, ಒಂದೊಂದಾಗಿ ನೋಡೋಣ" ಎಂದು ಪ್ರತಿ ವಿಡಿಯೋದ ಮೊದಲಿಗೆ ಹೇಳುತ್ತಿದ್ದ. ಅವನು ಹೇಳಿದಂತೆ ಪ್ರಿಂಟರ್, ಸ್ಕ್ಯಾನರ್, ಪೆನ್‌ಡ್ರೈವ್ ಎಲ್ಲ ಕಿತ್ತು, ಬರೀ ಕೀಬೋರ್ಡು ಮೌಸು ಇಟ್ಟುಕೊಂಡು ಹಾಕಿದೆ. ನಿಂತಿತು. ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿ, ರಂಗೋಲಿ ಪುಡಿಯಂತೆ ಕೂತಿದ್ದ ಧೂಳನ್ನು ಪೇಂಟ್ ಬ್ರಷ್‌ನಿಂದ ಗುಡಿಸಿದೆ. ಒಳಗಿನ ಮೆಮೊರಿ ಪಟ್ಟಿಯನ್ನು ಹೊರಗೆಳೆದು, ಅದರ ಹಿತ್ತಾಳೆ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಟಕ್ ಎನ್ನುವ ತನಕ ಒತ್ತಿ ಕೂರಿಸಿದೆ. ಆವತ್ತು ತೆರೆದುಕೊಂಡಿತು. ನನಗೆ ಎಷ್ಟು ಖುಷಿಯಾಯಿತೆಂದರೆ ಯಾರಿಗಾದರೂ ಹೇಳಬೇಕೆನ್ನಿಸಿತು. ಫೋನ್ ತೆಗೆದು ಹೆಸರುಗಳನ್ನು ಮೇಲೆ ಕೆಳಗೆ ಸರಿಸಿ ನೋಡಿ ಹಾಗೇ ಇಟ್ಟೆ. ಮರುದಿನ ಮತ್ತೆ ಚುಕ್ಕಿಗಳು ನಿಂತಾಗ ಹೇಳದೆ ಇದ್ದುದೇ ಒಳ್ಳೆಯದಾಯಿತು ಅಂದುಕೊಂಡೆ.

ಕೊನೆಗೆ ಪೆಟ್ಟಿಗೆಯನ್ನು ಹಳೆಯ ಸೀರೆಯಲ್ಲಿ ಸುತ್ತಿ, ಎದೆಗೆ ಅವುಚಿಕೊಂಡು, ಮೆಟ್ಟಿಲು ಇಳಿದೆ. ಕೆಳಗಿನ ಬಾಗಿಲಲ್ಲಿ ಅತ್ತಿಗೆ ಸೊಪ್ಪು ಸೋಸುತ್ತ ಕೂತಿದ್ದರು. ನನ್ನನ್ನೂ ಗಂಟನ್ನೂ ನೋಡಿದರು. ಏನೋ ಕೇಳಲು ಬಾಯಿ ತೆರೆದಂತೆ ಕಂಡಿತು. ಅಷ್ಟರಲ್ಲಿ ಆಟೋದವನು ಹಾರ್ನ್ ಹೊಡೆದ. ನಾನು ಹೊರಟೆ.

ಯಲಹಂಕದ ಬಸ್‌ಸ್ಟ್ಯಾಂಡ್ ಹತ್ತಿರದ ರಿಪೇರಿ ಅಂಗಡಿ ಅದು. ಅಂಗಡಿಯಾತ ನನ್ನ ವಯಸ್ಸಿನವರೇ. ಪೆಟ್ಟಿಗೆಗೆ ತಮ್ಮ ವೈರುಗಳನ್ನು ಚುಚ್ಚಿ ಗುಂಡಿ ಒತ್ತಿದರು. ತಕ್ಷಣ ತೆರೆದುಕೊಂಡಿತು. ಆರಿಸಿ ಮತ್ತೆ ಹಾಕಿದರು. ಮತ್ತೆ ತೆರೆದುಕೊಂಡಿತು.

"ಚೆನ್ನಾಗೇ ಓಡ್ತಿದೆಯಲ್ಲ ಮೇಡಂ."

"ನಮ್ಮನೇಲಿ ಹಿಂಗೆ ಓಡಲ್ಲ ಸರ್. ದಿನಾ ಬೆಳಿಗ್ಗೆ ನಿಂತುಬಿಡುತ್ತೆ."

"ಬೇರೆ ಯಾರಾದ್ರೂ ಯೂಸ್ ಮಾಡ್ತಾರಾ? ಮಕ್ಕಳು ಗೇಮ್ ಗೀಮ್ ಹಾಕ್ಕೊಂಡು..."

"ಇಲ್ಲ ಸರ್. ನಾನೊಬ್ಬಳೇ."

"ಸರಿ, ಇವತ್ತು ಬಿಟ್ಟು ಹೋಗಿ. ಆಗಾಗ ಆನ್ ಆಫ್ ಮಾಡಿ ನೋಡ್ತೀನಿ."

ನಾನು ಬಿಟ್ಟು ಹೋಗಲಿಲ್ಲ. "ಸ್ವಲ್ಪ ಹೊತ್ತು ಕೂತಿರ್ತೀನಿ" ಎಂದೆ. ಅವರು ಒಂದು ಪ್ಲಾಸ್ಟಿಕ್ ಸ್ಟೂಲ್ ಕೊಟ್ಟರು. ಜನ ಬರುತ್ತಿದ್ದರು. ಒಬ್ಬರ ಲ್ಯಾಪ್‌ಟಾಪ್ ಮೇಲೆ ಸಾಂಬಾರ್ ಚೆಲ್ಲಿತ್ತು. ಒಬ್ಬಾಕೆ ಮಗನ ಫೋಟೋಗಳೆಲ್ಲ ಅಳಿಸಿಹೋಗಿವೆಯೆಂದು ಅಳುವ ಹಾಗಿದ್ದಳು. ಅವರು ಒಬ್ಬೊಬ್ಬರನ್ನೂ "ಆಗುತ್ತೆ, ಆಗುತ್ತೆ" ಎಂದು ಸಮಾಧಾನ ಮಾಡಿ ಕಳಿಸುತ್ತಿದ್ದರು. ನಡುನಡುವೆ ನನ್ನ ಪೆಟ್ಟಿಗೆಯ ಗುಂಡಿ ಒತ್ತಿ, "ನೋಡಿ ಮೇಡಂ, ಬಂತು" ಎನ್ನುತ್ತಿದ್ದರು. ಟೀ ಬಂದಾಗ ನನಗೂ ಒಂದು ಲೋಟ ಬಂತು. ಪೆಟ್ಟಿಗೆಯಲ್ಲಿ ಏನೂ ದೋಷವಿಲ್ಲ ಎಂದು ನನಗೆ ಆಗಲೇ ಖಾತ್ರಿಯಾಗಿತ್ತು. ಆದರೂ ಏಳಲು ಮನಸ್ಸಾಗಲಿಲ್ಲ. ಬಹಳ ದಿನಗಳ ಮೇಲೆ ಇಷ್ಟು ಹೊತ್ತು ಜನರ ನಡುವೆ ಕೂತಿದ್ದೆ.

ಮನೆಗೆ ತಂದು ಜೋಡಿಸಿದೆ. ಮರುದಿನ ಬೆಳಿಗ್ಗೆ ನಿಂತಿತು. ಮತ್ತೆ ಸೀರೆ ಸುತ್ತಿ, ಮತ್ತೆ ಆಟೋ ಹತ್ತಿ ಹೋದೆ. ಈ ಸಲ ನಾಚಿಕೆಯಾಗುತ್ತಿತ್ತು. ಸುಮ್ಮನೆ ಬರುತ್ತಾಳೆ ಅಂದುಕೊಂಡಾರು ಅನ್ನಿಸಿತು. ಅಂಗಡಿಯಾತ ಹಾಗೇನೂ ಅಂದುಕೊಂಡಂತೆ ಕಾಣಲಿಲ್ಲ. ಮತ್ತೆ ಎರಡು ಸಲ ಹಾಕಿ ನೋಡಿ ಹೇಳಿದರು:

"ಇಲ್ಲಿ ಓಡುತ್ತೆ, ನಿಮ್ಮನೇಲಿ ಓಡಲ್ಲ. ಅಂದ್ರೆ ತೊಂದ್ರೆ ಪೆಟ್ಟಿಗೇದಲ್ಲ, ಮನೇದು. ಕರೆಂಟ್ ನೋಡ್ಸಿ ಮೇಡಂ. ಸ್ಟಾರ್ಟ್ ಆಗೋವಾಗ್ಲೇ ಇದು ಜಾಸ್ತಿ ಕರೆಂಟ್ ಎಳ್ಯೋದು. ಆಗ ವೋಲ್ಟೇಜ್ ಕಮ್ಮಿ ಇದ್ರೆ ಒದ್ದಾಡುತ್ತೆ. ಒಂದ್ಸಲ ಆನ್ ಆಗ್ಬಿಟ್ರೆ ಹೆಂಗೋ ನಡ್ಕೊಂಡು ಹೋಗುತ್ತೆ. ಯುಪಿಎಸ್ ಇಲ್ವಾ?"

"ಇತ್ತು. ಬ್ಯಾಟರಿ ಹೋಯ್ತು ಅಂತ ತೆಗೆದಿಟ್ಟೆ."

"ಹೊಸದು ಹಾಕಬಹುದು. ಆದ್ರೆ ದಿನಾ ಕಮ್ಮಿ ಆಗ್ತಿದ್ರೆ ಅದೂ ತಡೆಯಲ್ಲ. ಮೊದ್ಲು ಯಾಕೆ ಕಮ್ಮಿ ಆಗ್ತಿದೆ ಅಂತ ನೋಡಿ."

ಮರುದಿನ ನಾನು ಕಂಪ್ಯೂಟರ್ ಹಾಕಲಿಲ್ಲ. ಕಾಫಿ ಹಿಡಿದುಕೊಂಡು, ತಿರುಗುವ ಫ್ಯಾನನ್ನೂ ಉರಿಯುವ ಟ್ಯೂಬ್‌ಲೈಟನ್ನೂ ನೋಡುತ್ತ ಕೂತೆ. ಬೆಳ್ಳಂಬೆಳಿಗ್ಗೆ ಲೈಟು ಹಾಕಿಕೊಂಡು ಕೂತವಳನ್ನು ಯಾರಾದರೂ ನೋಡಿದ್ದರೆ ನಗುತ್ತಿದ್ದರು. ಸ್ವಲ್ಪ ಹೊತ್ತಿಗೆ ಫ್ಯಾನಿನ ವೇಗ ತಗ್ಗಿತು, ರೆಕ್ಕೆಗಳು ಒಂದೊಂದಾಗಿ ಕಾಣುವಷ್ಟು. ಟ್ಯೂಬ್‌ಲೈಟು ಮಂಕಾಯಿತು. ಅದರ ಬೆನ್ನಿಗೇ ಹೊರಗೆ ತಾರಸಿಯ ಸಿಂಟೆಕ್ಸ್ ಟ್ಯಾಂಕಿಗೆ ನೀರು ಧುಮುಕುವ ಸದ್ದು ಕೇಳಿತು.

ಅತ್ತಿಗೆ ಕೆಳಗೆ ಮೋಟಾರ್ ಹಾಕಿದ್ದರು.

ನಾನು ದಿನಾ ಅದೇ ಸದ್ದು ಕೇಳುತ್ತಿದ್ದೆ. ಆ ಹೊತ್ತಿನಲ್ಲೇ ಕಂಪ್ಯೂಟರಿನ ಮುಂದೆ ಕೂತು ಗುಂಡಿ ಒತ್ತುತ್ತಿದ್ದೆ. ಎರಡನ್ನೂ ಒಟ್ಟಿಗೆ ಯೋಚಿಸಿರಲಿಲ್ಲ.

ಕೆಳಗೆ ಹೋಗಿ ಹೇಳಬೇಕಿತ್ತು. ಇಷ್ಟು ಸಣ್ಣ ವಿಷಯಕ್ಕೆ ನಾನು ಎರಡು ದಿನ ತೆಗೆದುಕೊಂಡೆ. ಮನೆಯ ನೀರಿಗಿಂತ ನಿನ್ನ ಕಂಪ್ಯೂಟರ್ ಹೆಚ್ಚಾಯಿತೇ ಎಂದು ಕೇಳಿದರೆ ಏನು ಹೇಳುವುದು ಎಂದು ಮಾತುಗಳನ್ನು ಜೋಡಿಸಿಕೊಂಡೆ. ಕೊನೆಗೆ ಒಂದು ಬೆಳಿಗ್ಗೆ ಇಳಿದು ಹೋದೆ. ಬಾಗಿಲು ತೆರೆದೇ ಇತ್ತು. ಅತ್ತಿಗೆ ಅಡುಗೆಮನೆಯಲ್ಲಿ ಮುದ್ದೆಗೆ ಎಸರಿಟ್ಟಿದ್ದರು.

"ಏನಮ್ಮ, ಇಷ್ಟೊತ್ತಲ್ಲಿ?" ಎಂದರು. "ಉಷಾರಾಗಿದ್ದೀಯ ತಾನೆ?"

"ಉಷಾರಾಗಿದೀನಿ ಅತ್ತಿಗೆ. ಮೋಟಾರ್ ವಿಷಯ ಮಾತಾಡೋಣ ಅಂತ ಬಂದೆ. ಮೋಟಾರ್ ಹಾಕಿದಾಗ ನನ್ನ ಕಂಪ್ಯೂಟರ್ ನಿಂತೋಗ್ತಿದೆ."

"ಮೋಟ್ರಿಗೂ ಕಂಪ್ಯೂಟ್ರಿಗೂ ಏನಮ್ಮ ಸಂಬಂಧ?"

ಅಂಗಡಿಯಾತ ಹೇಳಿದ್ದನ್ನು ನಾನು ಹೇಳಿದೆ. ಅವರು ಸೌಟು ಹಿಡಿದುಕೊಂಡೇ ಕೇಳಿದರು. ಬೇಸರ ಮಾಡಿಕೊಳ್ಳುತ್ತಾರೆಂದು ನಾನು ಎಣಿಸಿದ್ದೆ. ಅವರು ಒಲೆ ಆರಿಸಿ, ಸೆರಗಿಗೆ ಕೈ ಒರೆಸಿಕೊಂಡು, "ನಡಿ, ನೋಡೇಬಿಡಾನ. ನೀ ಮೇಲ್ ಓಗು. ನಾ ಇಲ್ಲಿ ಸ್ವಿಚ್ಚ್ ಅತ್ರ ನಿಂತಿರ್ತೀನಿ. ಫೋನಲ್ಲಿ ಏಳು" ಎಂದರು.

ಮೇಲೆ ಹೋಗಿ ಫೋನ್ ಮಾಡಿ, ಪಕ್ಕದಲ್ಲಿಟ್ಟುಕೊಂಡೆ.

"ಆಕ್ಲಾ?"

"ಹಾಕಿ ಅತ್ತಿಗೆ."

ಟ್ಯಾಂಕಿಗೆ ನೀರು ಬೀಳತೊಡಗಿದಾಗ ನಾನು ಗುಂಡಿ ಒತ್ತಿದೆ. ಚುಕ್ಕಿಗಳು ಸುತ್ತಿ ನಿಂತವು. "ನಿಂತೋಯ್ತು" ಎಂದೆ.

"ನಿಂತೋಯ್ತಾ? ದಿಟವಾಗ್ಲೂ?" ಅವರ ದನಿಯಲ್ಲಿ ಸಂತೋಷವಿತ್ತು. "ಈಗ ಆರಿಸ್ದೆ ನೋಡು."

ಮೋಟಾರ್ ಇಲ್ಲದೆ ಕಂಪ್ಯೂಟರ್ ಸಲೀಸಾಗಿ ತೆರೆದುಕೊಂಡಿತು. "ಬಂತು ಅತ್ತಿಗೆ!" "ಇನ್ನೊಂದ್ಸಲ ಮಾಡಾನ." ಇನ್ನೊಂದು ಸಲವೂ ಹಾಗೇ ಆಯಿತು. ಮೂರನೆಯ ಸಲಕ್ಕೆ ಇಬ್ಬರೂ ನಗುತ್ತಿದ್ದೆವು. "ತಡಿ, ನಾನೂ ಬಂದು ನೋಡ್ತೀನಿ" ಎಂದು ಫೋನ್ ಇಟ್ಟರು.

ಅತ್ತಿಗೆಗೆ ಮಂಡಿನೋವು. ಕಂಬಿ ಹಿಡಿದು, ಪ್ರತಿ ತಿರುವಿನಲ್ಲಿ ನಿಂತು ಹತ್ತುವುದು ಕೇಳುತ್ತಿತ್ತು. ನಾನು ಓಡಾಡಿ ಕುರ್ಚಿಯ ಮೇಲಿನ ಬಟ್ಟೆ ತೆಗೆದೆ, ತಟ್ಟೆಗಳನ್ನು ಸಿಂಕಿಗೆ ಹಾಕಿದೆ. ಅವರು ಒಳಗೆ ಬಂದು ಸುತ್ತ ನೋಡಿದರು. ಅಮ್ಮನ ಮಂಚದ ಮೇಲೆ ನಾನು ಮಾದರಿ ಪತ್ರಿಕೆಗಳ ಕಟ್ಟುಗಳನ್ನು ಜೋಡಿಸಿದ್ದೆ. ಒಂದು ಕಟ್ಟನ್ನು ಪಕ್ಕಕ್ಕೆ ಸರಿಸಿ, ಮಂಚದ ತುದಿಯಲ್ಲಿ ಕೂತು, ಉಸಿರು ಸಮವಾಗುವವರೆಗೆ ಮಂಡಿ ನೀವಿಕೊಂಡರು.

ಪರದೆಯ ಮೇಲೆ ಒಂದು ಮದುವೆಯ ಪತ್ರಿಕೆಯಿತ್ತು. ಅವರು ಬೆರಳಿಟ್ಟು ನಿಧಾನಕ್ಕೆ ಓದಿದರು, ಬಂಧುಗಳ ಹೆಸರುಗಳನ್ನೂ ಬಿಡದೆ.

"ಇದೆಲ್ಲ ನೀನೇ ಮಾಡಾದಾ?"

"ಹೂಂ ಅತ್ತಿಗೆ."

"ಎಷ್ಟ್ ಲಕ್ಷಣವಾಗೈತೆ. ನೀನು ಬಾಗ್ಲಾಕ್ಕೊಂಡು ಒಳ್ಗೆ ಏನ್ ಮಾಡ್ತೀಯ ಅಂತಾನೇ ನಂಗೆ ಗೊತ್ತಿರ್ಲಿಲ್ಲ. ನಿಮ್ಮಣ್ಣನ್ ಕೇಳಿದ್ರೆ ಟೈಪಿಂಗು ಅಂದ್ರು. ಕೆಲ್ಸ ಮಾಡೋರ್ನ ಕೂಗ್ಬಾರ್ದು ಅಂತ ಸುಮ್ನಾದೆ."

"ಕೂಗಬಹುದು ಅತ್ತಿಗೆ" ಎಂದೆ. ಬಹಳ ಮೆಲ್ಲಗೆ ಹೇಳಿದೆನೇನೋ, ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ. ಅವರು ತೆರೆದ ಬಾಗಿಲಾಚೆ ಟ್ಯಾಂಕಿನ ಕಡೆ ನೋಡುತ್ತಿದ್ದರು.

"ನಿಮ್ಮಮ್ಮ ಇದ್ದಾಗ ಅಲ್ಲೇ ಕುಂತಿರೋರು. ತುಂಬ್ತು ಕಣಮ್ಮ, ಆರಿಸೂ ಅಂತ ಮೇಲಿಂದ ಕೂಗೋರು. ಬೀದೀಗೆಲ್ಲ ಕೇಳ್ಸೋದು. ಈಗ ನಂಗೆ ತುಂಬ್ತೋ ಇಲ್ವೋ ತಿಳಿಯಾಕಿಲ್ಲ. ಅಂದಾಜಿನ್ ಮೇಲೆ ಆರಿಸ್ತೀನಿ. ಒಂದೊಂದ್ ದಿನ ಬಾಡಿಗೆಯೋರು ಸ್ನಾನದ ಮಧ್ಯೆ ನೀರಿಲ್ಲ ಅಂತ ಬತ್ತಾರೆ, ಒಂದೊಂದ್ ದಿನ ರೋಡ್‌ನಾಗೆ ಅರೀತಿರುತ್ತೆ."

ಟ್ಯಾಂಕು ನನ್ನ ಬಾಗಿಲಿನಿಂದ ನಾಲ್ಕು ಹೆಜ್ಜೆ. ತುಂಬಿ ಹರಿಯುವುದನ್ನು ನಾನು ಕಿಟಕಿಯಿಂದ ನೋಡಿದ್ದೆ. ಕೂಗಬೇಕೆಂದು ನನಗೆ ಹೊಳೆದಿರಲಿಲ್ಲ. ಅದು ಅಮ್ಮನ ಕೆಲಸವಾಗಿತ್ತು.

ಅಲ್ಲೇ ಕೂತು ನಾವು ಒಂದು ಏರ್ಪಾಡು ಮಾಡಿಕೊಂಡೆವು. ನಾನು ಎದ್ದು ಕಂಪ್ಯೂಟರ್ ಹಾಕಿಕೊಳ್ಳುವುದು, ಅವರು ಫೋನ್ ಮಾಡಿ ಕೇಳಿ ಮೋಟಾರ್ ಹಾಕುವುದು, ತುಂಬಿದ ಮೇಲೆ ನಾನು ಫೋನ್ ಮಾಡಿ ಆರಿಸಲು ಹೇಳುವುದು.

ಹೀಗೆ ಕೆಲವು ವಾರ ನಡೆಯಿತು. ಬೆಳಿಗ್ಗೆ ಫೋನ್ ಬರುತ್ತಿತ್ತು. "ನಿಂದು ಎದ್ದದಾ? ಆಕ್ಲಾ?" "ಎದ್ದಿದೆ, ಹಾಕಿ ಅತ್ತಿಗೆ." ಮೊದಮೊದಲು ಅಷ್ಟೇ ಮಾತು. ಆಮೇಲೆ ಏನು ಸಾರು, ಕೆರೆ ಕಡೆಯಿಂದ ಸೊಳ್ಳೆ ಎಷ್ಟು ಬರುತ್ತಿವೆ, ಮಗಳು ಫೋನ್ ಮಾಡಿದ್ದಳು, ಮೊಮ್ಮಗುವಿಗೆ ಹಲ್ಲು ಬಂದಿದೆ ಎಂದೆಲ್ಲ ಸೇರಿಕೊಂಡವು. ಟ್ಯಾಂಕು ತುಂಬಿದೆಯೆಂದು ಹೇಳಲು ಮಾಡಿದ ಫೋನಿನಲ್ಲಿ, "ಬಸ್ಸಾರು ಮಾಡಿವ್ನಿ, ಬಂದು ತಗೊಂಡೋಗು" ಎನ್ನುತ್ತಿದ್ದರು. ನಾನು ಡಬ್ಬಿ ಹಿಡಿದು ಇಳಿಯುತ್ತಿದ್ದೆ. ಬಾಗಿಲಲ್ಲೇ ಇಸಿದುಕೊಂಡು ಬರುತ್ತಿದ್ದೆ. ಫೋನ್ ಬರುವ ಹೊತ್ತಿಗೆ ಮುಖ ತೊಳೆದು ತಲೆ ಬಾಚಿಕೊಂಡು ಸಿದ್ಧವಾಗಿರುತ್ತಿದ್ದೆ ಎಂಬುದು ನನಗೇ ಆಮೇಲೆ ಗೊತ್ತಾಯಿತು. ಫೋನಿಗೆ ತಲೆ ಬಾಚಿಕೊಳ್ಳಬೇಕಾದ ಅಗತ್ಯವೇನೂ ಇರಲಿಲ್ಲ.

ಒಂದು ದಿನ ಅಣ್ಣ ಒಬ್ಬ ಎಲೆಕ್ಟ್ರಿಷಿಯನ್ನನ್ನು ಕರೆದುಕೊಂಡು ಮೇಲೆ ಬಂದ. ಅಣ್ಣ ಕಟ್ಟಡದ ಕೆಲಸಗಳಲ್ಲಿ ಯಾವಾಗಲೂ ಓಡಾಟದಲ್ಲಿರುವವನು, ಮೇಲೆ ಬಂದದ್ದೇ ಅಪರೂಪ. ಟ್ಯಾಂಕಿನೊಳಗೆ ಎರಡು ಸಣ್ಣ ವೈರು ಇಳಿಬಿಟ್ಟರು, ಮೆಟ್ಟಿಲ ಕೆಳಗಿನ ಮೀಟರ್ ಬೋರ್ಡಿನಲ್ಲಿ ಏನೋ ಬದಲಾಯಿಸಿದರು. ಮುಗಿದ ಮೇಲೆ ಅಣ್ಣ ನನ್ನ ಬಾಗಿಲಿಗೆ ಬಂದು ನಿಂತ.

"ಇನ್ಮೇಲೆ ಟ್ಯಾಂಕ್ ಖಾಲಿಯಾದ್ರೆ ಮೋಟಾರ್ ತಾನೇ ಆನ್ ಆಗುತ್ತೆ, ತುಂಬಿದ್ರೆ ತಾನೇ ಆಫ್ ಆಗುತ್ತೆ. ನಿನ್ ಮನೆ ಲೈನನ್ನ ಮೋಟಾರ್ ಇಲ್ದಿರೋ ಬೇರೆ ಫೇಸ್‌ಗೆ ಹಾಕ್ಸಿದೀನಿ. ನಿಂಗೆ ವೋಲ್ಟೇಜ್ ತೊಂದ್ರೆ ಇರಲ್ಲ. ಮೊದ್ಲೇ ಹೇಳ್ಬಾರ್ದಾ ನೀನು? ನಿಮ್ಮತ್ತಿಗೆ ಹೇಳಿದ್ ಮೇಲೆ ಗೊತ್ತಾಯ್ತು."

"ಒಳ್ಳೇದಾಯ್ತಣ್ಣ" ಎಂದೆ. "ಕಾಫಿ ಮಾಡ್ತೀನಿ, ಕೂತ್ಕೋ."

"ಇಲ್ಲಮ್ಮ, ಸೈಟ್ ಹತ್ರ ಕಾಯ್ತಾವ್ರೆ" ಎಂದು ಇಳಿದು ಹೋದ. ಅವನು ನನ್ನ ಒಳ್ಳೆಯದಕ್ಕೇ ಮಾಡಿದ್ದ. ಅದರಲ್ಲಿ ನನಗೆ ಅನುಮಾನವಿಲ್ಲ.

ಮರುದಿನ ಬೆಳಿಗ್ಗೆ ಕಂಪ್ಯೂಟರ್ ಹಾಕಿದೆ. ಅದು ತೆರೆದುಕೊಳ್ಳುತ್ತಿರುವಾಗಲೇ ಹೊರಗೆ ಟ್ಯಾಂಕಿಗೆ ನೀರು ಬೀಳತೊಡಗಿತು. ಫ್ಯಾನು ನಿಧಾನವಾಗಲಿಲ್ಲ. ಚುಕ್ಕಿಗಳು ಸುತ್ತಿ ಮಾಯವಾಗಿ, ಪರದೆ ಬೆಳಗಿತು. ಸ್ವಲ್ಪ ಹೊತ್ತಿಗೆ ನೀರು ತಾನಾಗಿ ನಿಂತಿತು. ಫೋನ್ ಮೇಜಿನ ಮೇಲಿತ್ತು. ಒಮ್ಮೆ ಎತ್ತಿ ನೋಡಿದೆ, ಸೈಲೆಂಟಿನಲ್ಲಿದೆಯೇನೋ ಎಂದು. ಇರಲಿಲ್ಲ. ಆವತ್ತು ಎರಡು ಮದುವೆ ಪತ್ರಿಕೆ, ಒಂದು ನಾಮಕರಣದ್ದು ಮುಗಿಸಿದೆ. ಪ್ರೆಸ್ಸಿನವರು, "ಏನ್ ಮೇಡಂ, ಇವತ್ತು ಫುಲ್ ಸ್ಪೀಡು" ಎಂದು ಮೆಸೇಜ್ ಹಾಕಿದರು. ಕೆಲಸ ಅಷ್ಟು ಬೇಗ ಮುಗಿದು ಹೋದದ್ದರಿಂದ ಮಧ್ಯಾಹ್ನದ ಮೇಲೆ ಮಾಡಲು ಏನೂ ಉಳಿಯಲಿಲ್ಲ. ತಾರಸಿಯಲ್ಲಿ ನಿಂತು ಕೆರೆಯ ಸುತ್ತ ನಡೆಯುವವರನ್ನು ನೋಡಿದೆ.

ಹಾಗೇ ಒಂದಷ್ಟು ದಿನ ಹೋದವು. ಅವರು ಫೋನ್ ಮಾಡಲಿಲ್ಲ, ನಾನೂ ಮಾಡಲಿಲ್ಲ. ಏನೆಂದು ಮಾಡುವುದು? ಕೇಳುವುದಕ್ಕಾಗಲಿ ಹೇಳುವುದಕ್ಕಾಗಲಿ ಇಬ್ಬರ ಹತ್ತಿರವೂ ಏನೂ ಇರಲಿಲ್ಲ. ಒಂದು ಭಾನುವಾರ ಸಂಜೆ ಚಪ್ಪಲಿ ಮೆಟ್ಟಿಕೊಂಡು ಇಳಿದೆ. ಅಂಗಡಿಗೆ ಹೋಗುವವಳಂತೆ ಕೈಯಲ್ಲಿ ಚೀಲವನ್ನೂ ಹಿಡಿದಿದ್ದೆ. ಕೆಳಗಿನ ಬಾಗಿಲ ಹತ್ತಿರ ಬಂದಾಗ ಒಳಗೆ ಟೀವಿಯ ಸದ್ದು ಕೇಳಿತು. ಅಲ್ಲೇ ನಿಂತೆ.

ಅತ್ತಿಗೆ ನಡುಮನೆಯಲ್ಲಿ ಹಳೆಯ ಚಾಪೆ ಹಾಸಿ, ತವರಿನಿಂದ ಬಂದ ಹುಣಸೆಹಣ್ಣಿನ ರಾಶಿ ಮುಂದಿಟ್ಟುಕೊಂಡು ಬೀಜ ಬಿಡಿಸುತ್ತಿದ್ದರು. ತಲೆ ಎತ್ತಿ ನನ್ನನ್ನು ನೋಡಿದರು.

"ಏನಾಯ್ತಮ್ಮ? ಮತ್ತೆ ನಿಂತೋಯ್ತಾ?"

ಹೌದು ಅನ್ನಬಹುದಿತ್ತು. ಆ ಮಾತು ಬಾಯಿಯ ತನಕ ಬಂದಿತ್ತು.

"ಇಲ್ಲ ಅತ್ತಿಗೆ, ಚೆನ್ನಾಗಿ ಓಡ್ತಿದೆ. ಸುಮ್ನೆ ಬಂದೆ."

ಅವರು ಒಂದು ಕ್ಷಣ ಕೈ ನಿಲ್ಲಿಸಿದರು. ಸುಮ್ಮನೆ ಬಂದವಳನ್ನು ಏನು ಮಾಡಬೇಕೆಂದು ಅವರಿಗೂ ಗೊತ್ತಾಗದಂತೆ ಕಂಡಿತು. ಆಮೇಲೆ ಗೋಡೆ ಪಕ್ಕದ ಮಣೆಯನ್ನು ಕಾಲಿನಿಂದ ನನ್ನ ಕಡೆ ನೂಕಿದರು. ನಾನು ಚೀಲ ಬದಿಗಿಟ್ಟು ಕೂತು, ರಾಶಿಯಿಂದ ಒಂದು ಹಿಡಿ ಎಳೆದುಕೊಂಡೆ. ಹಣ್ಣು ಹಳೆಯದಾಗಿ ಅಂಟಿಕೊಂಡಿತ್ತು, ಬೀಜ ಸುಲಭಕ್ಕೆ ಬಿಡುತ್ತಿರಲಿಲ್ಲ. "ಉಗುರಲ್ಲಿ ಸೀಳ್ಬ್ಯಾಡ, ಉರಿಯುತ್ತೆ. ಇಂಗೆ ಇಚುಕು" ಎಂದು ತೋರಿಸಿಕೊಟ್ಟರು. ಟೀವಿಯಲ್ಲಿ ಯಾವುದೋ ಧಾರಾವಾಹಿಯ ಅತ್ತೆ ಸೊಸೆಯನ್ನು ಬೈಯುತ್ತಿದ್ದಳು. ಯಾರು ಯಾರಿಗೆ ಏನಾಗಬೇಕು ಎಂದು ಅತ್ತಿಗೆ ವಿವರಿಸಿದರು. ಅಷ್ಟು ಹೇಳಿ ಮುಗಿದ ಮೇಲೆ ಬೀಜಗಳು ಸ್ಟೀಲ್ ಬೇಸಿನ್ನಿಗೆ ಬೀಳುವ ಸದ್ದು ಮಾತ್ರ ಇತ್ತು. ನನಗೆ ಏನಾದರೂ ಹೇಳಬೇಕೆನ್ನಿಸುತ್ತಿತ್ತು. ಪತ್ರಿಕೆಗಳ ಬಗ್ಗೆ ಹೇಳಲೆ, ಅಮ್ಮನ ಬಗ್ಗೆ ಹೇಳಲೆ ಎಂದು ಯೋಚಿಸುತ್ತಲೇ ರಾಶಿಯ ಅರ್ಧ ಮುಗಿಯಿತು.

ಹೊರಗೆ ಕತ್ತಲಾಗುತ್ತ ಬಂದಾಗ ಅತ್ತಿಗೆ ದೇವರ ದೀಪ ಹಚ್ಚಲು ಎದ್ದರು. ನಾನೂ ಎದ್ದೆ.

"ಬರ್ತೀನಿ ಅತ್ತಿಗೆ."

"ಊಂ, ಓಗ್ಬಾ. ಇನ್ನೂ ಬೇಕಾದಷ್ಟೈತೆ, ನಾಳೀಕೂ ಆಯ್ತದೆ" ಎಂದರು. ನಾಳೆ ಬಾ ಎಂದು ಹೇಳಿದರೋ, ಹಣ್ಣಿನ ಲೆಕ್ಕ ಹೇಳಿದರೋ ನನಗೆ ಸರಿಯಾಗಿ ತಿಳಿಯಲಿಲ್ಲ.

ಮರುದಿನ ನಾನು ಹೋದೆ. ಹುಣಸೆಹಣ್ಣು ಮುಗಿದ ಮೇಲೂ ಆಗೊಮ್ಮೆ ಈಗೊಮ್ಮೆ ಹೋಗುತ್ತೇನೆ. ಮಾತು ಈಗಲೂ ಕಡಿಮೆಯೇ. ಧಾರಾವಾಹಿ ಮುಗಿದ ಕೂಡಲೇ ಎದ್ದು, ಬಾಡಿಗೆಯವರ ಮನೆಯ ನಗು, ಅವರ ಕುಕ್ಕರಿನ ಸೀಟಿ ಕೇಳುತ್ತ ಮೆಟ್ಟಿಲು ಹತ್ತಿ ಮೇಲೆ ಬಂದು ದೀಪ ಹಾಕಿಕೊಳ್ಳುತ್ತೇನೆ.